ಚಿತ್ರಕಥೆಯ ಅಧಿಕಾರಿ: ಅಮೆರಿಕದ ಕಾಮಿಕ್ ಪುಸ್ತಕಗಳು ಸಾಮಾನ್ಯ ವಾಚಕರಿಂದ ದೂರವಾದ ಬಗೆ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ನಾಲ್ಕು ಅಂಶಗಳನ್ನು ನಿರೂಪಿಸಬೇಕೆಂಬುದು ಪ್ರಾಚೀನರ ಸಂಪ್ರದಾಯ. ಗ್ರಂಥವು ಯಾವುದನ್ನು ಕುರಿತದ್ದೋ ಅದು ವಿಷಯ. ಓದುವುದರಿಂದ ಬರುವ ಫಲವು ಪ್ರಯೋಜನ. ಗ್ರಂಥಕ್ಕೂ ಅದರ ಪ್ರತಿಪಾದ್ಯಕ್ಕೂ ಇರುವ ಕೂಡುಗೆಯು ಸಂಬಂಧ. ಅದನ್ನು ಓದುವುದಕ್ಕೆ ತಕ್ಕವನು ಅಧಿಕಾರಿ. ಈ ನಾಲ್ಕಕ್ಕೂ ಸೇರಿ ಅನುಬಂಧಚತುಷ್ಟಯವೆಂದು ಹೆಸರು. ಲೌಕಿಕವಾದ ಕಥಾಸಾಹಿತ್ಯದಲ್ಲಿ ಇವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿದ್ದರೂ ಅವು ಇದ್ದೇ ಇರುತ್ತವೆ. ಪುಸ್ತಕದ ಬೆಲೆ, ಆಕಾರ, ಅದು ದೊರೆಯುವ ಅಂಗಡಿ, ಕಥೆಯು ಮೊದಲಾಗುವ ರೀತಿ, ಇವೇ ಮುಂತಾದವು ಅದರ ಅಧಿಕಾರಿ ಯಾರೆಂಬುದನ್ನು ಮಾತಿಲ್ಲದೆಯೇ ತಿಳಿಸಿಬಿಡುತ್ತವೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಾಮಿಕ್ ಪುಸ್ತಕಗಳ ಚರಿತ್ರೆಯು ಇದಕ್ಕೆ ಸ್ಪಷ್ಟವಾದ ನಿದರ್ಶನವಾಗಿದೆ.

ಆ ಚರಿತ್ರೆಯಲ್ಲಿ ಒಂದು ವಿರೋಧಾಭಾಸವು ತೋರುತ್ತದೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಎಂಬ ಹೆಸರುಗಳನ್ನು ಕೇಳದವರು ಇಂದು ವಿರಳ. ಕಾಮಿಕ್ ಪುಸ್ತಕಗಳಿಂದ ಎತ್ತಿಕೊಂಡ ವೀರರ ಕಥೆಯನ್ನುಳ್ಳ ಒಂದು ಚಲಚ್ಚಿತ್ರವು ೨೦೧೯ ರಲ್ಲಿ ಲೋಕದಾದ್ಯಂತ ಸುಮಾರು ೨೮೦ ಕೋಟಿ ಡಾಲರುಗಳನ್ನು ಗಳಿಸಿತು. ಆದರೆ ಆ ವೀರರು ಹುಟ್ಟಿದ ಮಾಸಿಕ ಪುಸ್ತಕಗಳಲ್ಲಿ ಯಾವುದಾದರೊಂದು ಸಂಚಿಕೆಯ ಒಂದು ಲಕ್ಷ ಪ್ರತಿಗಳು ಮಾರಾಟವಾದರೆ ಅದನ್ನು ಪ್ರಕಾಶಕರು ದೊಡ್ಡ ಗೆಲುವೆಂದು ಎಣಿಸುತ್ತಾರೆ. ಮೂವತ್ತಮೂರು ಕೋಟಿಗೂ ಮಿಕ್ಕ ಜನರಿರುವ ದೇಶದಲ್ಲಿ ಇದು ಅತ್ಯಲ್ಪ. ನಾಯಕನನ್ನು ಎಲ್ಲರೂ ಬಲ್ಲರು, ಗ್ರಂಥವನ್ನು ಯಾರೂ ಓದರು. ಹೀಗಾಗುವುದಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧. ಪೂರ್ವಸ್ಥಿತಿ

ಮೊದಲಿನಿಂದಲೂ ಸ್ಥಿತಿಯು ಹೀಗೆಯೇ ಇದ್ದಿತೆಂದು ತಿಳಿಯತಕ್ಕದ್ದಲ್ಲ. ದಿನಪತ್ರಿಕೆಗಳಲ್ಲಿ ಪ್ರಕಟವಾಗುತ್ತಿದ್ದ ಚಿತ್ರಪಂಕ್ತಿಗಳನ್ನು ಒಂದುಗೂಡಿಸಿ ಚಿಕ್ಕ ಪುಸ್ತಕಗಳಾಗಿ ಮಾರುವ ಪದ್ಧತಿಯು ೧೯೩೩–೩೪ ರ ಸುಮಾರಿನಲ್ಲಿ ಆರಂಭವಾಯಿತು. ೧೯೩೮ ನೆಯ ಜೂನ್ ತಿಂಗಳ ಹೆಸರಿನಲ್ಲಿ ಹೊರಬಂದ ‘ಆಕ್ಷನ್ ಕಾಮಿಕ್ಸ್’ ಎಂಬುದರ ಮೊದಲನೆಯ ಸಂಚಿಕೆಯಲ್ಲಿ ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ತರುಣರು ಕಲ್ಪಿಸಿದ ಸೂಪರ್‌ಮ್ಯಾನ್ ಕಾಣಿಸಿಕೊಂಡನು. ಬೆಲೆ ಹತ್ತು ಸೆಂಟು. ಔಷಧದ ಅಂಗಡಿ, ದಿನಸಿಯ ಅಂಗಡಿ, ರೈಲು ನಿಲ್ದಾಣ, ಬೀದಿಯ ಪತ್ರಿಕಾಕಟ್ಟೆ, ಎಲ್ಲೆಲ್ಲಿ ಜನರು ಬೇರೆ ಕೆಲಸಕ್ಕಾಗಿ ಬಂದು ನಿಲ್ಲುವರೋ ಅಲ್ಲೆಲ್ಲಾ ಅದು ದೊರೆಯುತ್ತಿತ್ತು. ೧೯೪೦ ರ ದಶಕದ ನಡುವೆ ಕ್ಯಾಪ್ಟನ್ ಮಾರ್ವೆಲ್ ಎಂಬ ವೀರನ ಪುಸ್ತಕವು ಸಂಚಿಕೆಯೊಂದಕ್ಕೆ ಹತ್ತು ಲಕ್ಷ ಪ್ರತಿಗಳಿಗೂ ಮೀರಿ ಮಾರಾಟವಾಯಿತು. ೧೯೫೦ ರ ದಶಕದ ಆದಿಯಲ್ಲಿ ಡಿಸ್ನಿಯ ಪ್ರಾಣಿಪಾತ್ರಗಳುಳ್ಳ ಮಾಸಿಕವು ಮೂವತ್ತು ಲಕ್ಷದ ಸಮೀಪಕ್ಕೆ ಏರಿತು.

ಇಷ್ಟೇ ಅಲ್ಲದೆ, ಆ ಕಾಲದ ಪುಸ್ತಕಗಳಲ್ಲಿ ವಿಷಯವೈವಿಧ್ಯವೂ ಇದ್ದಿತು. ವೀರರಸವೊಂದೇ ಅಲ್ಲ, ಹಾಸ್ಯ, ಅದ್ಭುತ, ಭಯಾನಕ, ಶೃಂಗಾರ ಎಲ್ಲಕ್ಕೂ ಎಡೆಯಿದ್ದಿತು. ೧೯೪೭ ರಲ್ಲಿ ಜೋ ಸೈಮನ್, ಜ್ಯಾಕ್ ಕರ್ಬಿ ಎಂಬವರು ಆರಂಭಿಸಿದ ‘ಯಂಗ್ ರೊಮಾನ್ಸ್’ ಎಂಬ ಪ್ರಣಯಕಥೆಗಳ ಪುಸ್ತಕವನ್ನು ಅನುಸರಿಸಿ ಅಂತಹ ಅನೇಕ ಪುಸ್ತಕಗಳು ಹುಟ್ಟಿದವು. ಅವುಗಳ ವಾಚಕರಲ್ಲಿ ತರುಣಿಯರೇ ಹೆಚ್ಚು. ಹುಡುಗರು, ಹುಡುಗಿಯರು, ಯುದ್ಧಭೂಮಿಯಲ್ಲಿದ್ದ ಸಿಪಾಯಿಗಳು, ಮನೆವಾರ್ತೆಯ ಹೆಂಗಸರು, ಹೀಗೆ ಅಧಿಕಾರಿಗಳ ಪರಿಧಿಯು ವಿಶಾಲವಾಗಿದ್ದಿತು.

೨. ಪೂರ್ವಪಕ್ಷಗಳು

ಈ ಪರಿಧಿಯು ಕುಗ್ಗಿದುದೇಕೆಂದರೆ ಸಾಮಾನ್ಯವಾಗಿ ಮೂರು ಉತ್ತರಗಳನ್ನು ಹೇಳುವುದುಂಟು. ಚಿತ್ರದಲ್ಲಿ ಕಥೆ ಹೇಳುವುದು ಬಾಲರಂಜನೆ, ಬಲಿತ ಬುದ್ಧಿಗೆ ಅದು ರುಚಿಸದು ಎಂಬುದು ಮೊದಲನೆಯದು. ದೂರದರ್ಶನ ಬಂದ ಮೇಲೆ ಅಚ್ಚಿನ ಚಿತ್ರಕ್ಕೆ ಬೆಲೆಯಿಲ್ಲವಾಯಿತು ಎಂಬುದು ಎರಡನೆಯದು. ಚಿತ್ರವನ್ನೂ ಮಾತನ್ನೂ ಕೂಡಿಸಿ ಓದುವುದು ಒಂದು ಪ್ರತ್ಯೇಕವಾದ ವಿದ್ಯೆ, ಬಾಲ್ಯದಲ್ಲಿ ಅಭ್ಯಾಸವಾಗದವನಿಗೆ ಅದು ಕಷ್ಟ ಎಂಬುದು ಮೂರನೆಯದು.

ಇವುಗಳಲ್ಲಿ ಮೊದಲನೆಯದು ನಿಲ್ಲುವುದಿಲ್ಲ. ಜಪಾನು ದೇಶದಲ್ಲಿ ಚಿತ್ರಕಥೆಗೆ ಮಾಂಗ ಎಂದು ಹೆಸರು. ಅಲ್ಲಿ ಬಾಲಕರಿಗೆ, ಬಾಲಿಕೆಯರಿಗೆ, ವಯಸ್ಕ ಪುರುಷರಿಗೆ, ವಯಸ್ಕ ಸ್ತ್ರೀಯರಿಗೆ ಎಂದು ಬೇರೆ ಬೇರೆ ಪತ್ರಿಕೆಗಳೇ ಇವೆ. ಅವುಗಳಲ್ಲೊಂದಾದ ‘ಶೋನೆನ್ ಜಂಪ್’ ವಾರಪತ್ರಿಕೆಯು ತನ್ನ ಉಚ್ಛ್ರಾಯದಲ್ಲಿ, ಎಂದರೆ ೧೯೯೫ ರ ಸುಮಾರಿನಲ್ಲಿ, ವಾರಕ್ಕೆ ಅರವತ್ತೈದು ಲಕ್ಷ ಪ್ರತಿಗಳನ್ನು ಮುಟ್ಟಿತು. ಫ್ರಾನ್ಸಿನಲ್ಲಿ ೧೯೫೯ ರಲ್ಲಿ ಗೊಸಿನಿ, ಉದೆರ್ಜೋ ಎಂಬವರಿಂದ ಹುಟ್ಟಿದ ಆಸ್ಟೆರಿಕ್ಸ್‌ನ ಕಥೆಗಳನ್ನು ಅಜ್ಜನೂ ಮೊಮ್ಮಗನೂ ಒಂದೇ ಪ್ರತಿಯಲ್ಲಿ ಓದುವರು. ಚಿತ್ರತ್ವವೇ ದೋಷವಾಗಿದ್ದಲ್ಲಿ ಆ ದೋಷವು ಎಲ್ಲೆಡೆಯೂ ಫಲಿಸಬೇಕಾಗಿದ್ದಿತು, ಫಲಿಸಲಿಲ್ಲ. ಆದುದರಿಂದ ಹೇತುವು ವ್ಯಭಿಚಾರಿಯೆಂದು ತಿಳಿಯಬೇಕು.

ಎರಡನೆಯದರಲ್ಲಿ ಅಂಶತಃ ಸತ್ಯವಿದೆ. ೧೯೫೦ ರ ದಶಕದಲ್ಲಿ ಅಮೆರಿಕದ ಮನೆಮನೆಗೂ ದೂರದರ್ಶನವು ಪ್ರವೇಶಿಸಿದುದು ನಿಜ. ಬಾಲಕರ ಬಿಡುವಿನ ವೇಳೆಯನ್ನು ಅದು ಕಸಿದುದೂ ನಿಜ. ಆದರೆ ಜಪಾನು, ಫ್ರಾನ್ಸುಗಳಿಗೂ ದೂರದರ್ಶನವು ಬಂದಿತು. ಆ ದೇಶಗಳಲ್ಲಿ ಚಿತ್ರಕಥೆಯು ಅದರೊಡನೆ ಬಾಳಿತು. ದೂರದರ್ಶನವನ್ನು ಸಹಕಾರಿಕಾರಣವೆಂದು ಒಪ್ಪಬಹುದಲ್ಲದೆ ಮುಖ್ಯಕಾರಣವೆನ್ನಲಾಗದು.

ಮೂರನೆಯ ಪಕ್ಷವು ಸೂಕ್ಷ್ಮವಾದುದು. ಚಿತ್ರಕಥೆಯಲ್ಲಿ ಒಂದು ಚೌಕಕ್ಕೂ ಮತ್ತೊಂದು ಚೌಕಕ್ಕೂ ನಡುವೆ ಬರಿದಾದ ಎಡೆಯಿರುತ್ತದೆ. ಮೊದಲನೆಯದರಲ್ಲಿ ಎತ್ತಿದ ಕೈ, ಎರಡನೆಯದರಲ್ಲಿ ಬಿದ್ದ ಶತ್ರು. ನಡುವಣ ಪ್ರಹಾರವನ್ನು ವಾಚಕನೇ ಊಹಿಸಿಕೊಳ್ಳಬೇಕು. ಸ್ಕಾಟ್ ಮೆಕ್‌ಕ್ಲೌಡ್ ಎಂಬ ಲೇಖಕನು ೧೯೯೩ ರ ತನ್ನ ಗ್ರಂಥದಲ್ಲಿ ಈ ಊಹೆಯನ್ನೇ ಚಿತ್ರಕಥೆಯ ಜೀವಾಳವೆಂದು ನಿರೂಪಿಸಿದನು. ಮೀಮಾಂಸಕರು ಅರ್ಥಾಪತ್ತಿಯೆಂದು ಕರೆಯುವ ವ್ಯಾಪಾರಕ್ಕೆ ಇದು ಹತ್ತಿರವಾದುದು. ಕಂಡ ಎರಡು ಸಂಗತಿಗಳು ಕೂಡಬೇಕಾದರೆ ಕಾಣದ ಮೂರನೆಯದನ್ನು ಕಲ್ಪಿಸಿಕೊಳ್ಳುವುದು ಮನಸ್ಸಿಗೆ ಸಹಜ. ಹಳೇಬೀಡಿನ ಗುಡಿಯ ಗೋಡೆಯ ಮೇಲೆ ಸಾಲಾಗಿ ಕೆತ್ತಿರುವ ರಾಮಾಯಣ, ಭಾರತಗಳ ಕಥೆಯನ್ನು ಅಕ್ಷರವರಿಯದ ಭಕ್ತನೂ ನಡೆಯುತ್ತ ನಡೆಯುತ್ತ ಗ್ರಹಿಸುವನು. ಆದಕಾರಣ ಚಿತ್ರವನ್ನು ಓದುವ ವಿದ್ಯೆಯು ದುರ್ಲಭವಲ್ಲ. ದುರ್ಲಭವಾದುದು ಬೇರೊಂದಿದೆ, ಅದನ್ನು ಮುಂದೆ ಹೇಳಲಾಗುವುದು.

೩. ಅಧಿಕಾರಿಯನ್ನು ಬಾಲಕನೆಂದು ನಿರ್ಣಯಿಸಿದುದು

೧೯೫೪ ನೆಯ ವರ್ಷವು ಈ ಚರಿತ್ರೆಯಲ್ಲಿ ಸಂಧಿಕಾಲ. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನು ಕಾಮಿಕ್ ಪುಸ್ತಕಗಳೇ ಬಾಲಾಪರಾಧಗಳಿಗೆ ಪ್ರೇರಕವೆಂದು ವಾದಿಸುವ ಗ್ರಂಥವನ್ನು ಆ ವರ್ಷ ಪ್ರಕಟಿಸಿದನು. ಆತನು ದುರುದ್ದೇಶಿಯಲ್ಲ; ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದಲ್ಲಿ ಬಡವರಿಗಾಗಿ ಚಿಕಿತ್ಸಾಲಯವನ್ನು ನಡೆಸಿದವನು. ಆದರೆ ಆತನ ಕಾಗದಪತ್ರಗಳು ವಿದ್ವಾಂಸರ ಪರಿಶೀಲನೆಗೆ ದೊರೆತ ಮೇಲೆ, ಕ್ಯಾರಲ್ ಟಿಲ್ಲಿ ಎಂಬ ವಿದುಷಿಯು ಅವನ್ನು ಗ್ರಂಥದೊಡನೆ ಹೋಲಿಸಿ, ಬಾಲಕರ ಹೇಳಿಕೆಗಳನ್ನು ಆತನು ತಿದ್ದಿಯೂ ಬೆರಸಿಯೂ ತನ್ನ ವಾದಕ್ಕೆ ಹೊಂದಿಸಿಕೊಂಡಿದ್ದನೆಂದು ೨೦೧೨ ರಲ್ಲಿ ತೋರಿಸಿಕೊಟ್ಟಳು. ದೃಷ್ಟಾಂತವೇ ದುಷ್ಟವಾದ ಮೇಲೆ ಅನುಮಾನವು ನಿಲ್ಲುವುದಾದರೂ ಹೇಗೆ? ಆದರೆ ಈ ಪರೀಕ್ಷೆಯು ನಡೆಯುವಷ್ಟರಲ್ಲಿ ಐವತ್ತೆಂಟು ವರ್ಷಗಳು ಕಳೆದುಹೋಗಿದ್ದವು.

೧೯೫೪ ನೆಯ ಏಪ್ರಿಲ್, ಜೂನ್ ತಿಂಗಳುಗಳಲ್ಲಿ ಅಮೆರಿಕದ ಸೆನೆಟ್ ಸಭೆಯ ಉಪಸಮಿತಿಯು ಈ ವಿಷಯದಲ್ಲಿ ಸಾಕ್ಷ್ಯವನ್ನು ಕೇಳಿತು. ಸರ್ಕಾರವು ಕಾನೂನನ್ನು ತರುವುದೆಂಬ ಭೀತಿಯಿಂದ ಪ್ರಕಾಶಕರು ತಾವೇ ಒಂದು ಸಂಘವನ್ನು ಕಟ್ಟಿಕೊಂಡು, ಅದೇ ವರ್ಷದ ಅಕ್ಟೋಬರಿನಲ್ಲಿ ನಿಬಂಧನೆಗಳ ಪಟ್ಟಿಯನ್ನು ಅಂಗೀಕರಿಸಿದರು. ಪುಸ್ತಕದ ಹೆಸರಿನಲ್ಲಿ ಭಯ, ಭೀಕರ ಎಂಬರ್ಥದ ಪದಗಳಿರಕೂಡದು, ರಕ್ತಪಿಶಾಚಗಳು ಬರಕೂಡದು, ಅಧಿಕಾರದಲ್ಲಿರುವವರನ್ನು ಅಗೌರವವಾಗುವಂತೆ ಚಿತ್ರಿಸಕೂಡದು, ಕೆಡುಕು ಕೊನೆಗೆ ಸೋಲಲೇಬೇಕು. ಸಂಘದ ಮುದ್ರೆಯಿಲ್ಲದ ಪುಸ್ತಕವನ್ನು ಅಂಗಡಿಗಳಿಗೆ ಒದಗಿಸಲು ವಿತರಕರು ಹಿಂಜರಿದರು.

ಈ ನಿಬಂಧನೆಗಳು ಅಶ್ಲೀಲವನ್ನೂ ಕ್ರೌರ್ಯವನ್ನೂ ತಡೆದುದಷ್ಟೇ ಆಗಿದ್ದರೆ ಆಕ್ಷೇಪಣೆಗೆ ಎಡೆ ಕಡಮೆ. ಆದರೆ ಅವುಗಳ ಪರಿಣಾಮವು ಬೇರೆ. ಕಾಮಿಕ್ ಪುಸ್ತಕದ ಅಧಿಕಾರಿಯು ಬಾಲಕನೇ, ಮತ್ತೊಬ್ಬನಲ್ಲ, ಎಂಬುದನ್ನು ಪ್ರಕಾಶಕರೇ ತಮ್ಮ ಕೈಯಾರೆ ಬರೆದುಕೊಟ್ಟಂತಾಯಿತು. ನಾಟಕಕ್ಕೂ ಕಾದಂಬರಿಗೂ ಚಲಚ್ಚಿತ್ರಕ್ಕೂ ಬಾಲಯೋಗ್ಯವಾದುದೂ ಪ್ರೌಢಯೋಗ್ಯವಾದುದೂ ಬೇರೆ ಬೇರೆಯಾಗಿ ಇರಬಹುದು. ಚಿತ್ರಕಥೆಗೆ ಮಾತ್ರ ಇರಕೂಡದೆಂದಾಯಿತು. ಆ ಮೊದಲು ಹತ್ತು ವರ್ಷದವನಾಗಿ ಓದತೊಡಗಿ ಇಪ್ಪತ್ತು ವರ್ಷದವನಾದವನಿಗೆ ಮುಂದೆ ಓದತಕ್ಕದ್ದು ಏನಾದರೂ ಇರುತ್ತಿತ್ತು. ಈಗ ಆ ಮೆಟ್ಟಿಲುಗಳೇ ಕಡಿದುಹೋದವು.

ಇದಕ್ಕೆ ವ್ಯತಿರೇಕದೃಷ್ಟಾಂತವೂ ಇದೆ. ‘ಮ್ಯಾಡ್’ ಎಂಬ ವಿಡಂಬನೆಯ ಪುಸ್ತಕವು ೧೯೫೫ ರಲ್ಲಿ ಕಾಮಿಕ್ ಪುಸ್ತಕದ ಆಕಾರವನ್ನು ಬಿಟ್ಟು ಸಾಮಾನ್ಯ ನಿಯತಕಾಲಿಕದ ಆಕಾರವನ್ನು ತಾಳಿತು. ಅದರಿಂದ ನಿಬಂಧನೆಗಳ ಹೊರಗುಳಿಯಿತು. ಅದೇ ಜಾತಿಯ ಚಿತ್ರಗಳಿಂದ ಕೂಡಿದ ಆ ಪತ್ರಿಕೆಯು ೧೯೭೦ ರ ದಶಕದಲ್ಲಿ ಇಪ್ಪತ್ತು ಲಕ್ಷ ಪ್ರತಿಗಳನ್ನು ಮೀರಿತು. ಚಿತ್ರವು ವಾಚಕನನ್ನು ಓಡಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ.

೪. ದೊರೆಯುವ ಸ್ಥಳವು ಬದಲಾದುದು

ಎರಡನೆಯ ಕಾರಣವು ವ್ಯಾಪಾರಕ್ಕೆ ಸಂಬಂಧಿಸಿದುದು. ಹತ್ತು ಸೆಂಟಿನ ಬೆಲೆಯನ್ನು ಏರಿಸಿದರೆ ಬಾಲಕರು ಕೊಳ್ಳಲಾರರೆಂದು ಪ್ರಕಾಶಕರು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ಏರಿಸದೆ, ಪುಟಗಳನ್ನು ಮಾತ್ರ ಅರುವತ್ತನಾಲ್ಕರಿಂದ ಕ್ರಮಕ್ರಮವಾಗಿ ಮೂವತ್ತೆರಡರ ಮಟ್ಟಿಗೆ ಇಳಿಸುತ್ತ ಬಂದರು. ಇತರ ಪತ್ರಿಕೆಗಳ ಬೆಲೆಯೋ ಏರುತ್ತಲೇ ಇದ್ದಿತು. ಒಂದೇ ಅಳತೆಯ ಹಲಗೆಯ ಮೇಲೆ ಹೆಚ್ಚು ಬೆಲೆಯ ಪತ್ರಿಕೆಯನ್ನಿಟ್ಟರೆ ಹೆಚ್ಚು ಲಾಭ. ಹೀಗಿರಲು ಅಂಗಡಿಯವನಿಗೆ ಕಾಮಿಕ್ ಪುಸ್ತಕದಲ್ಲಿ ಆಸಕ್ತಿಯು ತಗ್ಗಿತು. ೧೯೫೭ ರಲ್ಲಿ ಅಮೆರಿಕನ್ ನ್ಯೂಸ್ ಕಂಪನಿ ಎಂಬ ದೊಡ್ಡ ವಿತರಣಸಂಸ್ಥೆಯು ರಾಷ್ಟ್ರವ್ಯಾಪಿಯಾದ ತನ್ನ ವಿತರಣೆಯನ್ನು ನಿಲ್ಲಿಸಿದುದು ಮತ್ತೊಂದು ಪೆಟ್ಟು.

೧೯೭೦ ರ ದಶಕದ ಹೊತ್ತಿಗೆ ಸ್ಥಿತಿಯು ಶೋಚನೀಯವಾಗಿದ್ದಿತು. ಆಗ ಫಿಲ್ ಸೂಲಿಂಗ್ ಎಂಬ ಶಿಕ್ಷಕನು ಒಂದು ಹೊಸ ಏರ್ಪಾಡನ್ನು ಪ್ರಕಾಶಕರಿಗೆ ಸೂಚಿಸಿದನು. ಹಳೆಯ ಪದ್ಧತಿಯಲ್ಲಿ ಮಾರಾಟವಾಗದ ಪ್ರತಿಗಳನ್ನು ಅಂಗಡಿಯವನು ಹಿಂದಿರುಗಿಸಬಹುದಾಗಿದ್ದಿತು. ಹೊಸ ಪದ್ಧತಿಯಲ್ಲಿ ಹಿಂದಿರುಗಿಸುವಂತಿಲ್ಲ, ಅದಕ್ಕೆ ಪ್ರತಿಯಾಗಿ ಹೆಚ್ಚಿನ ಸೋಡಿಯುಂಟು. ಇದನ್ನು ನಂಬಿ ಕಾಮಿಕ್ ಪುಸ್ತಕಗಳನ್ನೇ ಮಾರುವ ಪ್ರತ್ಯೇಕವಾದ ಅಂಗಡಿಗಳು ಊರೂರುಗಳಲ್ಲಿ ಹುಟ್ಟಿಕೊಂಡವು. ೧೯೮೧ ರಲ್ಲಿ ಮಾರ್ವೆಲ್ ಸಂಸ್ಥೆಯು ‘ಡ್ಯಾಜ್ಲರ್’ ಎಂಬುದರ ಮೊದಲನೆಯ ಸಂಚಿಕೆಯನ್ನು ಈ ಅಂಗಡಿಗಳಿಗೆ ಮಾತ್ರವೇ ಕೊಟ್ಟು, ನಾಲ್ಕು ಲಕ್ಷಕ್ಕೂ ಮೀರಿದ ಪ್ರತಿಗಳನ್ನು ಮಾರಿತು.

ಈ ಏರ್ಪಾಡು ಅಳಿಯುವುದರಲ್ಲಿದ್ದ ಉದ್ಯಮವನ್ನು ಉಳಿಸಿತೆಂಬುದನ್ನು ಮರೆಯತಕ್ಕದ್ದಲ್ಲ. ಆದರೆ ಉಳಿಸಿದ ಔಷಧವೇ ಮತ್ತೊಂದು ರೋಗಕ್ಕೆ ಬೀಜವಾಯಿತು. ಔಷಧದ ಅಂಗಡಿಗೆ ತಾಯಿಯೊಡನೆ ಬಂದ ಮಗು, ರೈಲಿಗೆ ಕಾದಿರುವ ಪಯಣಿಗ, ಬೇರೊಂದು ಪತ್ರಿಕೆಗಾಗಿ ಬಂದ ಹೆಂಗಸು, ಇವರೆಲ್ಲರೂ ಯಾದೃಚ್ಛಿಕ ವಾಚಕರು. ಹುಡುಕಿಕೊಂಡು ಬಂದವರಲ್ಲ, ಕಣ್ಣಿಗೆ ಬಿದ್ದುದರಿಂದ ಎತ್ತಿಕೊಂಡವರು. ಯಾವ ಸಾಹಿತ್ಯಕ್ಕಾದರೂ ಹೊಸ ವಾಚಕರು ದೊರೆಯುವುದು ಬಹುಮಟ್ಟಿಗೆ ಈ ದಾರಿಯಿಂದ. ಪ್ರತ್ಯೇಕವಾದ ಅಂಗಡಿಗಾದರೋ, ಮೊದಲೇ ಕಾಮಿಕ್ ಪುಸ್ತಕವನ್ನು ಬಲ್ಲವನು ಮಾತ್ರ ಹೋಗುವನು. ಅದಲ್ಲದೆ, ಹಿಂದಿರುಗಿಸುವಂತಿಲ್ಲದ ಪುಸ್ತಕಗಳನ್ನು ಅಂಗಡಿಯವನು ತಿಂಗಳುಗಳ ಮುಂಚೆಯೇ ಲೆಕ್ಕ ಹಾಕಿ ತರಿಸಬೇಕು. ಮಿಕ್ಕರೆ ನಷ್ಟವು ಅವನದು. ಆದುದರಿಂದ ತನ್ನ ಬಳಕೆಯ ಗಿರಾಕಿಗಳು ನಿಶ್ಚಯವಾಗಿ ಕೊಳ್ಳುವುದನ್ನೇ ತರಿಸುವನು. ಹೊಸ ಬಗೆಯದನ್ನು ತರಿಸಲು ಅಂಜುವನು. ಗಿರಾಕಿಗಳು ಬಹುಮಟ್ಟಿಗೆ ತರುಣ ಪುರುಷರಾಗಿ, ಅವರ ರುಚಿಯು ವೀರರಸದಲ್ಲಿ ನೆಲೆಗೊಂಡಿದ್ದುದರಿಂದ, ಅಂಗಡಿಯಲ್ಲಿ ಅದೊಂದೇ ತುಂಬಿತು. ಹಿಂದೆ ಲಕ್ಷಾಂತರವಾಗಿದ್ದ ತರುಣಿಯರು ಆ ಬಾಗಿಲನ್ನು ತುಳಿಯಲೇ ಇಲ್ಲ.

೫. ಪೂರ್ವಾಪೇಕ್ಷೆಯು ಬೆಳೆದುದು

ವೇದಾಂತಸೂತ್ರಗಳ ಭಾಷ್ಯಕಾರರು ಮೊದಲನೆಯ ಸೂತ್ರದ ಮೊದಲನೆಯ ಪದವನ್ನು ಹಿಡಿದು, ‘ಯಾವುದು ಆದ ಅನಂತರ?’ ಎಂದು ಪ್ರಶ್ನಿಸುತ್ತಾರೆ. ಗ್ರಂಥಕ್ಕೆ ಕೈಯಿಡುವ ಮೊದಲು ಏನನ್ನು ತಿಳಿದಿರಬೇಕು, ಏನನ್ನು ಸಾಧಿಸಿರಬೇಕು ಎಂಬುದು ಅಲ್ಲಿಯ ವಿಚಾರ. ಕಾಮಿಕ್ ಪುಸ್ತಕದಲ್ಲಿ ದುರ್ಲಭವಾದುದು ಚಿತ್ರಪಠನವಲ್ಲ, ಈ ಪೂರ್ವಾಪೇಕ್ಷೆಯೇ ಎಂಬುದು ಇಲ್ಲಿ ಹೇಳಬೇಕಾದ ಮುಖ್ಯ ಮಾತು.

ಆದಿಯಲ್ಲಿ ಪ್ರತಿಯೊಂದು ಸಂಚಿಕೆಯ ಕಥೆಯೂ ಆ ಸಂಚಿಕೆಯಲ್ಲಿಯೇ ಮುಗಿಯುತ್ತಿತ್ತು. ೧೯೬೧ ರಿಂದ ಮಾರ್ವೆಲ್ ಸಂಸ್ಥೆಯವರು ತಮ್ಮ ವೀರರೆಲ್ಲರನ್ನೂ ಒಂದೇ ಲೋಕದಲ್ಲಿ ಇರಿಸಿ, ಒಬ್ಬನ ಕಥೆಯಲ್ಲಿ ನಡೆದುದು ಮತ್ತೊಬ್ಬನ ಕಥೆಯಲ್ಲಿ ಫಲಿಸುವಂತೆ ಹೆಣೆದರು. ಇದು ಮೊದಮೊದಲು ಗುಣವೇ ಆಗಿದ್ದಿತು. ಪಾತ್ರಗಳಿಗೆ ನೆನಪೂ ವಯಸ್ಸೂ ಬಂದಂತಾಯಿತು. ಪತ್ರಿಕಾಕಟ್ಟೆಯಲ್ಲಿ ಪುಸ್ತಕವು ದೊರೆಯುತ್ತಿದ್ದಷ್ಟು ಕಾಲವೂ, ಪ್ರತಿಯೊಂದು ಸಂಚಿಕೆಯೂ ಯಾರೋ ಒಬ್ಬನಿಗೆ ಮೊದಲನೆಯದೆಂಬ ಎಚ್ಚರವು ಸಂಪಾದಕರಲ್ಲಿದ್ದು, ಹಿಂದಿನ ಕಥೆಯನ್ನು ಎರಡು ಮಾತಿನಲ್ಲಿ ಸೂಚಿಸುವ ವಾಡಿಕೆಯಿದ್ದಿತು. ಬಳಕೆಯ ಗಿರಾಕಿಗಳೇ ಉಳಿದ ಮೇಲೆ ಆ ಎಚ್ಚರವು ಸಡಿಲವಾಯಿತು. ಒಂದು ಕಥೆಯು ಆರು ಸಂಚಿಕೆಗಳಿಗೆ ಹಬ್ಬಿತು. ಆ ಆರಕ್ಕೆ ಬೇರೆ ನಾಲ್ಕು ವೀರರ ಪುಸ್ತಕಗಳು ಪೂರಕವಾದವು.

ಪ್ರಕಾಶಕರು ಈ ತೊಡಕನ್ನು ಅರಿಯದವರಲ್ಲ. ಡಿಸಿ ಸಂಸ್ಥೆಯವರು ೧೯೮೫–೮೬ ರಲ್ಲಿ ಹನ್ನೆರಡು ಸಂಚಿಕೆಗಳ ಒಂದು ಮಹಾಪ್ರಳಯದ ಕಥೆಯನ್ನು ರಚಿಸಿ, ತಮ್ಮ ಅನೇಕ ಲೋಕಗಳನ್ನೆಲ್ಲಾ ಒಂದಾಗಿಸಿ ಹೊಸದಾಗಿ ಮೊದಲುಮಾಡಿದರು. ಆದರೆ ಆ ಪ್ರಳಯವೇ ತಿಳಿದಿರಬೇಕಾದ ಮತ್ತೊಂದು ಸಂಗತಿಯಾಗಿ ಹಳೆಯ ಹೊರೆಯ ಮೇಲೆ ಸೇರಿಕೊಂಡಿತು. ೨೦೧೧ ರಲ್ಲಿ ಅವರೇ ಐವತ್ತೆರಡು ಪುಸ್ತಕಗಳನ್ನು ಒಂದನೆಯ ಸಂಖ್ಯೆಯಿಂದ ಮತ್ತೆ ಆರಂಭಿಸಿದರು. ಆಗ ‘ಆಕ್ಷನ್ ಕಾಮಿಕ್ಸ್’ ೯೦೪ ನೆಯ ಸಂಚಿಕೆಗೆ ನಿಂತು ಒಂದಕ್ಕೆ ಇಳಿಯಿತು. ಐವತ್ತೆರಡು ಸಂಚಿಕೆಗಳಾದ ಮೇಲೆ, ೨೦೧೬ ರಲ್ಲಿ, ಒಮ್ಮೆಗೇ ೯೫೭ ಕ್ಕೆ ಏರಿತು. ೨೦೧೮ ರಲ್ಲಿ ಸಾವಿರವನ್ನು ಮುಟ್ಟಿತು. ಚಲಚ್ಚಿತ್ರವನ್ನು ನೋಡಿ ಆಸೆಗೊಂಡು ಅಂಗಡಿಗೆ ಬಂದ ಹೊಸಬನು ‘ಎಲ್ಲಿಂದ ಓದಲಿ?’ ಎಂದು ಕೇಳಿದರೆ ಅದಕ್ಕೆ ಸಂಖ್ಯೆಯಿಂದಲೂ ಉತ್ತರವು ದೊರೆಯದಾಯಿತು. ಆತನು ಬರಿಗೈಯಲ್ಲಿ ಹಿಂದಿರುಗುವನು; ಮತ್ತೆ ಬರುವುದಿಲ್ಲ.

ಉದ್ದವಾದ ಕಥೆಯೆಲ್ಲವೂ ಹೀಗೆ ಹೊಸಬನನ್ನು ದೂರಮಾಡುವುದೆಂದು ಭ್ರಮಿಸತಕ್ಕದ್ದಲ್ಲ. ಭಾರತವು ಇದಕ್ಕಿಂತ ಕಿರಿದಾದ ಕಥೆಯೇ? ಆದರೂ ಅದನ್ನು ಯಾವ ಪರ್ವದಿಂದ ಕೇಳಿದರೂ ಶ್ರೋತೃವು ಕಂಗೆಡುವುದಿಲ್ಲ. ಕಥೆಯ ಮೈಕಟ್ಟು ಎಲ್ಲರಿಗೂ ಮೊದಲೇ ತಿಳಿದಿದೆ, ಅದು ನಡುವೆ ಬದಲಾಗುವುದಿಲ್ಲ. ಅಷ್ಟಾದರೂ ಕವಿಗಳು ಎಚ್ಚರವನ್ನು ಬಿಟ್ಟವರಲ್ಲ. ಕುಮಾರವ್ಯಾಸನ ಕಾವ್ಯದ ಸಂಧಿಗಳ ಮೊದಲಲ್ಲಿ ಕಥಾಸಾರವನ್ನು ತಿಳಿಸುವ ಸೂಚನೆಯ ಪದ್ಯವಿರುವುದು ಇದಕ್ಕೇ. ಆ ದಿನ ತಾನೇ ಜಗಲಿಗೆ ಬಂದು ಕುಳಿತವನಿಗೂ ಗಮಕಿಯ ವಾಚನವು ಅರ್ಥವಾಗಬೇಕು. ಜಪಾನಿನ ಪುಸ್ತಕಗಳಲ್ಲಿಯೂ ಅಷ್ಟೆ. ೧೯೯೭ ರಲ್ಲಿ ಆರಂಭವಾದ ‘ವನ್ ಪೀಸ್’ ನೂರಕ್ಕೂ ಹೆಚ್ಚು ಸಂಪುಟಗಳಿಗೆ ಬೆಳೆದಿದ್ದರೂ, ಒಬ್ಬನೇ ಕರ್ತೃವಿನದು. ಹೊಸಬನು ಒಂದನೆಯ ಸಂಪುಟವನ್ನು ಎತ್ತಿಕೊಂಡರಾಯಿತು. ಬಾಗಿಲೆಲ್ಲಿದೆಯೆಂಬುದು ತಿಳಿದಿದ್ದರೆ ಮನೆಯು ದೊಡ್ಡದಾದರೂ ಬಾಧಕವಿಲ್ಲ.

೬. ಪ್ರಯೋಜನವು ವಿಪರೀತವಾದುದು

ಇನ್ನು ಪ್ರಯೋಜನದ ಮಾತು. ಓದುವುದಕ್ಕಾಗಿ ಇದ್ದ ಪುಸ್ತಕವು ಇಡುವುದಕ್ಕಾಗಿ ಎಂದಾದುದು ಈ ಚರಿತ್ರೆಯ ವಿಚಿತ್ರವಾದ ಘಟ್ಟ. ಹಳೆಯ ಸಂಚಿಕೆಗಳು ಅಧಿಕ ಬೆಲೆಗೆ ಮಾರಾಟವಾಗುವುದನ್ನು ಕಂಡು, ಹೊಸವೂ ಮುಂದೆ ಹಾಗೆಯೇ ಆಗುವುವೆಂದು ಜನರು ಕಾಪಿಡತೊಡಗಿದರು. ೧೯೯೧ ರ ‘ಎಕ್ಸ್‌ಮೆನ್’ ಒಂದನೆಯ ಸಂಚಿಕೆಯು ಬೇರೆ ಬೇರೆ ರಕ್ಷಾಪುಟಗಳೊಡನೆ ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳಾಗಿ ಅಂಗಡಿಗಳಿಗೆ ಹೋಯಿತು. ೧೯೯೨ ರಲ್ಲಿ ಸೂಪರ್‌ಮ್ಯಾನ್‌ನ ಮರಣವನ್ನು ಹೇಳುವ ಸಂಚಿಕೆಯು ಕರಿಯ ಚೀಲದಲ್ಲಿ ಮುಚ್ಚಿ ಮಾರಾಟವಾಯಿತು. ಚೀಲವನ್ನು ಹರಿದರೆ ಬೆಲೆ ಇಳಿಯುವುದೆಂದು ಅನೇಕರು ಅದನ್ನು ಬಿಚ್ಚಲೇ ಇಲ್ಲ.

ಇಲ್ಲಿ ತರ್ಕದೋಷವು ಸ್ಪಷ್ಟವಾಗಿದೆ. ೧೯೩೮ ರ ‘ಆಕ್ಷನ್ ಕಾಮಿಕ್ಸ್’ ಪ್ರತಿಯೊಂದು ೨೦೧೪ ರಲ್ಲಿ ಸುಮಾರು ಮೂವತ್ತೆರಡು ಲಕ್ಷ ಡಾಲರುಗಳಿಗೆ ಮಾರಾಟವಾದುದು ನಿಜ. ಆದರೆ ಅದು ಅಮೂಲ್ಯವಾದುದು ಉಳಿದ ಪ್ರತಿಗಳನ್ನು ಬಾಲಕರು ಓದಿ, ಹಂಚಿ, ಹರಿದು ಮುಗಿಸಿದುದರಿಂದ. ಎಲ್ಲರೂ ಕಾಪಿಟ್ಟ ವಸ್ತುವು ವಿರಳವಾಗುವುದು ಹೇಗೆ? ಈ ಸತ್ಯವು ತಿಳಿದುಬಂದಾಗ ಕೊಳ್ಳುವವರು ಒಮ್ಮೆಗೇ ಹಿಮ್ಮೆಟ್ಟಿದರು. ಅಂಗಡಿಗಳು ಬಹುಸಂಖ್ಯೆಯಲ್ಲಿ ಮುಚ್ಚಿದವು. ೧೯೯೬ ನೆಯ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿಯ ರಕ್ಷಣೆಗಾಗಿ ನ್ಯಾಯಾಲಯವನ್ನು ಸೇರಿತು. ವಿತರಣೆಯ ಕಾರ್ಯವು ಡೈಮಂಡ್ ಎಂಬ ಒಂದೇ ಸಂಸ್ಥೆಯ ಕೈಯಲ್ಲಿ ಉಳಿಯಿತು. ೨೦೨೦ ರಲ್ಲಿ ಡಿಸಿ ಸಂಸ್ಥೆಯು ಅದನ್ನು ಬಿಟ್ಟಿತು. ೨೦೨೫ ನೆಯ ಜನವರಿಯಲ್ಲಿ ಡೈಮಂಡ್ ಸಂಸ್ಥೆಯೂ ಅದೇ ದಿವಾಳಿಯ ದಾರಿಯನ್ನು ಹಿಡಿಯಿತು.

೭. ಸದೃಶವಾದ ಒಂದು ಚರಿತ್ರೆ

ಇದನ್ನು ಪರದೇಶದವರ ಅವಿವೇಕವೆಂದು ತಳ್ಳಿಬಿಡುವಂತಿಲ್ಲ. ನವ್ಯನ್ಯಾಯದ ಚರಿತ್ರೆಯನ್ನು ನೋಡಬಹುದು. ಗಂಗೇಶೋಪಾಧ್ಯಾಯರು ಹದಿನಾಲ್ಕನೆಯ ಶತಮಾನದಲ್ಲಿ ತತ್ತ್ವಚಿಂತಾಮಣಿಯನ್ನು ರಚಿಸಿದರು. ಅದಕ್ಕೆ ರಘುನಾಥ ಶಿರೋಮಣಿಗಳ ದೀಧಿತಿ. ದೀಧಿತಿಗೆ ಗದಾಧರ ಭಟ್ಟಾಚಾರ್ಯರ ವ್ಯಾಖ್ಯಾನ. ಅದರ ಒಂದೊಂದು ಭಾಗಕ್ಕೂ ಮತ್ತೆ ಕ್ರೋಡಪತ್ರಗಳು. ಒಂದೊಂದು ಪದರವೂ ಬುದ್ಧಿಯ ಅದ್ಭುತವಾದ ಪರಿಶ್ರಮವೇ, ಯಾವುದೂ ವ್ಯರ್ಥವಲ್ಲ. ಆದರೆ ಒಂದೊಂದು ಪದರಕ್ಕೂ ಅಧಿಕಾರಿಗಳ ಸಂಖ್ಯೆಯು ಇಳಿಯಿತು. ಬಲ್ಲವರು ಬಲ್ಲವರಿಗಾಗಿಯೇ ಬರೆದರು. ಬಲ್ಲವರ ಮೆಚ್ಚುಗೆಯೇ ಪರಮಪ್ರಮಾಣವಾಯಿತು. ಪಾಠಶಾಲೆಗಳಿಗೆ ರಾಜಾಶ್ರಯವು ತಪ್ಪಿದಾಗ, ಆ ಶಾಸ್ತ್ರವನ್ನು ಎತ್ತಿಹಿಡಿಯುವಷ್ಟು ಜನರು ಹೊರಗೆ ಇರಲಿಲ್ಲ.

ಆ ಪರಂಪರೆಯಲ್ಲಿಯೇ ಇದಕ್ಕೆ ಪರಿಹಾರವೂ ಇದ್ದಿತು. ಹದಿನೇಳನೆಯ ಶತಮಾನದಲ್ಲಿ ಅನ್ನಂಭಟ್ಟರು ಕೆಲವೇ ಪುಟಗಳ ತರ್ಕಸಂಗ್ರಹವನ್ನು ಬಾಲಕರ ಸುಖಬೋಧಕ್ಕೆಂದು ರಚಿಸಿದರು. ಇಂದಿಗೂ ನ್ಯಾಯಶಾಸ್ತ್ರಕ್ಕೆ ಬರುವವರು ಬಹುಮಟ್ಟಿಗೆ ಆ ಬಾಗಿಲಿನಿಂದಲೇ ಬರುವರು. ದೊಡ್ಡ ಗ್ರಂಥಗಳಲ್ಲಿ ಉಳಿದಿರುವ ಪ್ರಾಣವು ಆ ಸಣ್ಣ ಗ್ರಂಥದ ಕೃಪೆ.

೮. ಬಾಗಿಲು ತೆರೆದಲ್ಲಿ ನಡೆದುದು

ಅಮೆರಿಕದಲ್ಲಿಯೂ ಚಿತ್ರಕಥೆಯು ಮೇಲೆ ಹೇಳಿದ ಅಂಗಡಿಯನ್ನು ಬಿಟ್ಟು ಹೊರಬಂದ ಕಡೆಯಲ್ಲೆಲ್ಲಾ ವಾಚಕರು ದೊರೆತಿದ್ದಾರೆ. ಯಹೂದ್ಯರ ಹತ್ಯಾಕಾಂಡದಿಂದ ಪಾರಾದ ತನ್ನ ತಂದೆಯ ವೃತ್ತಾಂತವನ್ನು ಆರ್ಟ್ ಸ್ಪೀಗಲ್‌ಮನ್ ಎಂಬಾತನು ‘ಮೌಸ್’ ಎಂಬ ಚಿತ್ರಕಥೆಯಾಗಿ ಎರಡು ಸಂಪುಟಗಳಲ್ಲಿ, ೧೯೮೬ ರಲ್ಲಿಯೂ ೧೯೯೧ ರಲ್ಲಿಯೂ, ಪ್ರಕಟಿಸಿದನು. ಅದು ಸಾಮಾನ್ಯ ಪುಸ್ತಕದ ಅಂಗಡಿಗಳಲ್ಲಿ ಸಾಮಾನ್ಯ ಪುಸ್ತಕದಂತೆ ದೊರೆಯಿತು. ೧೯೯೨ ರಲ್ಲಿ ವಿಶೇಷ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು. ರೈನಾ ಟೆಲ್ಗೆಮೈಯರ್ ಎಂಬಾಕೆಯು ಮುರಿದ ಹಲ್ಲಿನ ಕಾರಣ ಬಾಲ್ಯದಲ್ಲಿ ತಾನು ಪಟ್ಟ ಪಾಡನ್ನು ೨೦೧೦ ರಲ್ಲಿ ‘ಸ್ಮೈಲ್’ ಎಂಬ ಪುಸ್ತಕವಾಗಿ ಬರೆದಳು. ಅದನ್ನು ಲಕ್ಷಾಂತರ ಬಾಲಿಕೆಯರು ಓದಿದರು. ೨೦೨೦ ರಲ್ಲಿ ಜೆರಿ ಕ್ರಾಫ್ಟ್‌ನ ‘ನ್ಯೂ ಕಿಡ್’ ಎಂಬುದು ಬಾಲಸಾಹಿತ್ಯಕ್ಕಾಗಿ ಕೊಡುವ ನ್ಯೂಬರಿ ಪದಕವನ್ನು ಪಡೆದ ಮೊದಲನೆಯ ಚಿತ್ರಕಥೆಯಾಯಿತು. ಜಪಾನಿನ ಮಾಂಗಗಳೂ ಆ ದೇಶದ ಪುಸ್ತಕಶಾಲೆಗಳಲ್ಲಿ ಗೋಡೆ ತುಂಬ ನಿಂತಿವೆ.

ಇವುಗಳಲ್ಲಿ ಸಮಾನವಾದ ಧರ್ಮವೇನೆಂದರೆ: ವಿಷಯವು ಮನುಷ್ಯಸಾಮಾನ್ಯವಾದುದು, ಪುಸ್ತಕವು ತನ್ನಲ್ಲಿ ತಾನು ಪೂರ್ಣ, ಇಲ್ಲವೆ ಸ್ಪಷ್ಟವಾದ ಮೊದಲುಳ್ಳದ್ದು, ಪುಸ್ತಕಶಾಲೆ, ಗ್ರಂಥಭಂಡಾರ, ಶಾಲೆ, ಇಂತಹ ಎಲ್ಲರೂ ಹೋಗುವ ಸ್ಥಳಗಳಲ್ಲಿ ದೊರೆಯತಕ್ಕದ್ದು. ಅನ್ವಯವ್ಯತಿರೇಕಗಳಿಂದ ನೋಡಿದರೆ, ಈ ಮೂರು ಇದ್ದಲ್ಲಿ ವಾಚಕರಿದ್ದಾರೆ, ಇಲ್ಲದಲ್ಲಿ ಇಲ್ಲ.

ಭರತಖಂಡದ ದೃಷ್ಟಾಂತವೂ ಇದನ್ನೇ ಸಮರ್ಥಿಸುತ್ತದೆ. ೧೯೨೯ ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು ಮುಂಬಯಿಯಲ್ಲಿ ೧೯೬೭ ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯು, ಮೂವತ್ತೆರಡು ಪುಟಗಳಲ್ಲಿ ಒಂದು ಪೂರ್ಣವಾದ ಕಥೆಯನ್ನು ಹೇಳುವ ಕ್ರಮವನ್ನು ಹಿಡಿಯಿತು. ಪುರಾಣ, ಇತಿಹಾಸ, ಜನಪದಕಥೆ ಅದರ ವಿಷಯ. ಪೂರ್ವಾಪೇಕ್ಷೆಯನ್ನು ಅಜ್ಜಿಯ ಮಾತೇ ತೀರಿಸಿರುತ್ತಿತ್ತು. ಕನ್ನಡವೂ ಸೇರಿದಂತೆ ಅನೇಕ ದೇಶಭಾಷೆಗಳಲ್ಲಿ ಅದು ಬಂದಿತು. ವಿದೇಶದ ವೇತಾಳನ ಸಾಹಸಗಳನ್ನು ೧೯೬೪ ರಿಂದ ಇಲ್ಲಿ ಹರಡಿದ ಇಂದ್ರಜಾಲ ಮಾಲೆಯು ೧೯೯೦ ರಲ್ಲಿ ನಿಂತುಹೋಯಿತು. ಪೈಗಳು ೨೦೧೧ ರಲ್ಲಿ ದಿವಂಗತರಾದ ಮೇಲೂ ಅಮರ ಚಿತ್ರಕಥೆಯು ನಡೆದಿದೆ. ಆದರೆ ಅದಕ್ಕೂ ಒಂದು ಮಿತಿಯುಂಟು. ಬಾಲಕರಿಗೆ ಬಾಗಿಲನ್ನು ತೆರೆದ ಆ ಮಾಲೆಯು ಅವರು ಬೆಳೆದ ಮೇಲೆ ಏರಬೇಕಾದ ಮೆಟ್ಟಿಲನ್ನು ಕಟ್ಟಲಿಲ್ಲ. ಬೇರೆಯವರು ಕಟ್ಟಿದುದೂ ಬಹಳ ಸ್ವಲ್ಪ. ಹೀಗಾಗಿ ಚಿತ್ರಕಥೆಯೆಂದರೆ ಎಳೆಯರ ಓದು ಎಂಬ ಭಾವನೆಯು ಈ ನಾಡಿನಲ್ಲಿಯೂ ಬೇರೂರಿದೆ.

೯. ನಿರ್ಣಯ

ಮೇಲಣ ವಿಚಾರದಿಂದ ತೇಲುವ ಅಭಿಪ್ರಾಯವಿಷ್ಟು. ಕಾಮಿಕ್ ಪುಸ್ತಕವು ಸಾಮಾನ್ಯ ವಾಚಕರನ್ನು ಸೆಳೆಯಲಾರದೆ ಹೋದುದು ಚಿತ್ರದ ದೋಷದಿಂದಲ್ಲ, ವಾಚಕರ ಜಾಡ್ಯದಿಂದಲೂ ಅಲ್ಲ. ಮೊದಲು ಭೀತಿಯಿಂದ ಅಧಿಕಾರಿಯನ್ನು ಬಾಲಕನೆಂದು ಗೊತ್ತುಮಾಡಿದರು. ಅನಂತರ ಬಡತನದಿಂದ ಪುಸ್ತಕವನ್ನು ಬಲ್ಲವರ ಅಂಗಡಿಗೆ ಒಯ್ದರು. ಬಳಿಕ ಆ ಬಲ್ಲವರ ಪ್ರೀತಿಗಾಗಿ ಕಥೆಯನ್ನು ಅವರಿಗೆ ಮಾತ್ರ ತಿಳಿಯ�ುವಂತೆ ಹೆಣೆದರು. ಕಡೆಗೆ ಲೋಭದಿಂದ ಓದನ್ನೇ ಮರೆತರು. ಇವುಗಳಲ್ಲಿ ಒಂದೊಂದು ಹೆಜ್ಜೆಗೂ ಆ ಹೊತ್ತಿಗೆ ಸಮಂಜಸವಾದ ಕಾರಣವಿದ್ದಿತು. ವಿಶೇಷವಾಗಿ ಗಮನಿಸತಕ್ಕದ್ದೆಂದರೆ, ಹೆಚ್ಚು ಕೇಡಾದುದು ದ್ವೇಷಿಗಳಿಂದಲ್ಲ. ೧೯೫೪ ರ ನಿಬಂಧನೆಗಳು ಕಾಲಕ್ರಮದಲ್ಲಿ ಸಡಿಲವಾಗಿ, ೨೦೧೧ ರಲ್ಲಿ ಕಡೆಯ ಪ್ರಕಾಶಕರೂ ಅವನ್ನು ಕೈಬಿಟ್ಟರು. ಅಷ್ಟರಿಂದ ಹಳೆಯ ವಾಚಕರು ಮರಳಿ ಬರಲಿಲ್ಲ. ಪ್ರೀತಿಸುವವರು ಕಟ್ಟಿದ ಗೋಡೆಯು ಅಷ್ಟು ಸುಲಭವಾಗಿ ಬೀಳುವುದಿಲ್ಲ.

ಕನ್ನಡದಲ್ಲಿ ಚಿತ್ರಕಥೆಯನ್ನಾಗಲಿ ಬೇರೆ ಯಾವ ಸಾಹಿತ್ಯವನ್ನಾಗಲಿ ಬೆಳೆಸಬಯಸುವವರು ಈ ಚರಿತ್ರೆಯಿಂದ ತಿಳಿಯಬೇಕಾದುದು ಇದೆ. ರಸಿಕರ ಗೋಷ್ಠಿಯು ಬೇಕು. ಅದಿಲ್ಲದೆ ಕಲೆಯು ಹರಿತವಾಗುವುದಿಲ್ಲ. ಆದರೆ ಆ ಗೋಷ್ಠಿಯ ಹೊರಗೆ, ಬಸ್ಸಿಗೆ ಕಾದಿರುವವನೂ, ಮಗುವಿನ ಕೈಹಿಡಿದು ಸಂತೆಗೆ ಬಂದವಳೂ ಎತ್ತಿ ನೋಡಬಲ್ಲಂತಹ ಒಂದು ಪುಸ್ತಕವು, ಅವರ ಕೈಗೆಟಕುವ ಬೆಲೆಯಲ್ಲಿ, ಅವರು ಹೋಗುವ ದಾರಿಯಲ್ಲಿ ಇರಬೇಕು. ಅದರ ಮೊದಲನೆಯ ಪುಟವು ಯಾವ ಪೂರ್ವಪರಿಚಯವನ್ನೂ ಬೇಡದಿರಬೇಕು. ಅದನ್ನು ಓದಿ ಮುಗಿಸಿದವರಿಗೆ ಎರಡನೆಯದೂ, ಅವರು ಬೆಳೆದಂತೆ ಮೂರನೆಯದೂ ಸಿದ್ಧವಾಗಿರಬೇಕು. ಈ ಕಾರ್ಯವು ಪ್ರಕಾಶಕರೊಬ್ಬರದೇ ಅಲ್ಲ. ಗ್ರಂಥಭಂಡಾರಗಳೂ ಶಾಲೆಗಳೂ ಇದರಲ್ಲಿ ಪಾಲುಗೊಳ್ಳತಕ್ಕದ್ದಾಗಿದೆ.